ಎಳೆ ಬರುವ ಮುಂಚಿನ ಪಾಕ: ಈಜಿಪ್ಟಿನ ಸಿಹಿತಿನಿಸುಗಳು ಮನೆಯ ಒಲೆಯ ಮೇಲೆ

ನಮ್ಮಲ್ಲಿ ಪಾಕ ಅಂದರೆ ಎಳೆಯ ಲೆಕ್ಕ. ಜಾಮೂನಿಗೆ ಬೆರಳಿಗೆ ಅಂಟಿದರೆ ಸಾಕು, ಮೈಸೂರು ಪಾಕಿಗೆ ಒಂದೆಳೆ, ಚಿಕ್ಕಿಗೆ ನೀರಿಗೆ ಬಿಟ್ಟರೆ ಟಣ್ ಅನ್ನುವ ಗಟ್ಟಿ ಪಾಕ. ಹೆಬ್ಬೆರಳು ತೋರುಬೆರಳ ನಡುವೆ ಎಳೆ ನೋಡಿ ಪಳಗಿದ ಕೈ ಈಜಿಪ್ಟಿನ ಸಿಹಿ ಮಾಡಲು ಹೊರಟಾಗ ಮೊದಲು ಎಡವುವುದು ಇಲ್ಲೇ. ಅಲ್ಲಿನ ಪಾಕಕ್ಕೆ ಶರ್ಬಾತ್ ಅನ್ನುತ್ತಾರೆ. ಎಳೆ ಕಾಣಿಸಿತೆಂದರೆ ಅದು ಕೈಮೀರಿದ ಹಾಗೆ.

ಶರ್ಬಾತಿನ ಅಳತೆ ಸರಳ. ಎರಡು ಕಪ್ ಸಕ್ಕರೆ (ಸುಮಾರು 400 ಗ್ರಾಂ), ಒಂದು ಕಪ್ ನೀರು. ಸಕ್ಕರೆ ಕರಗುವ ತನಕ ಮಾತ್ರ ಸೌಟಾಡಿಸಬೇಕು. ಕುದಿ ಬಂದ ಮೇಲೆ ಒಂದು ಚಮಚ ನಿಂಬೆರಸ ಹಿಂಡಿ, ಸೌಟನ್ನು ಆಚೆ ಇಟ್ಟು, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಬೇಕು. ಇಳಿಸಿದ ಮೇಲೆ ವೆನಿಲ್ಲಾ. ಲೆವಂಟ್ ಕಡೆಯವರು (ಸಿರಿಯಾ, ಲೆಬನಾನ್ ಸುತ್ತಿನವರು) ಗುಲಾಬಿ ನೀರು, ಕಿತ್ತಳೆ ಹೂವಿನ ನೀರು ಧಾರಾಳವಾಗಿ ಹಾಕುತ್ತಾರೆ. ಈಜಿಪ್ಟಿನ ಮನೆಗಳಲ್ಲಿ ವೆನಿಲ್ಲಾ ಪುಡಿಯದೇ ಹೆಚ್ಚು ಬಳಕೆ. ನಿಂಬೆ ಹಾಕುವುದು ಬರೀ ರುಚಿಗಲ್ಲ. ಹುಳಿ ಸೇರಿ ಕುದಿಯುವಾಗ ಸಕ್ಕರೆಯ ಒಂದು ಪಾಲು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಆ ಬೆರಕೆಯಲ್ಲಿ ಸಕ್ಕರೆ ಮತ್ತೆ ಹರಳುಗಟ್ಟಲು ಒದ್ದಾಡುತ್ತದೆ. ಕುದಿಯುವಾಗ ಸೌಟಾಡಿಸಿದರೆ ಪಾತ್ರೆಯ ಅಂಚಿಗೆ ಹಿಡಿದ ಹರಳು ಒಳಗೆ ಬಿದ್ದು, ಮರುದಿನ ಇಡೀ ಪಾಕ ಮರಳು ಮರಳು. ಹದವಾದ ಶರ್ಬಾತ್ ಚಮಚದಿಂದ ಧಾರೆಯಾಗಿ ಇಳಿದು, ಕೊನೆಗೆ ನಿಧಾನವಾಗಿ ಒಂದೊಂದೇ ಹನಿಯಾಗಿ ಬೀಳುತ್ತದೆ. ಬೆರಳಿಗೆ ಅಂಟಬೇಕು, ಎಳೆ ಏಳಬಾರದು.

ಇನ್ನೊಂದು ಮಾತು ಅಡುಗೆಯವರ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ: ಬಸ್ಸ್. ಹಿಟ್ಟಿಗೋ ರವೆಗೋ ತುಪ್ಪ ಹಾಕಿ, ಅಂಗೈಗಳ ನಡುವೆ ತಿಕ್ಕಿ ತಿಕ್ಕಿ ಕಾಳಿಗೆಲ್ಲ ಜಿಡ್ಡು ಹತ್ತಿಸುವುದು. ಬಸ್‌ಬೂಸಾ ಎಂಬ ರವೆಯ ಸಿಹಿಯ ಹೆಸರಿನೊಳಗೂ ಈ ಮಾತೇ ಇದೆ. ಧಾನ್ಯಕ್ಕೆ ನೀರು ಯಾವಾಗ ತಾಗಬೇಕು, ಎಷ್ಟು ತಾಗಬೇಕು ಎಂಬುದೊಂದೇ ಈಜಿಪ್ಟಿನ ಸಿಹಿಯಡುಗೆಯ ಪ್ರಶ್ನೆ ಎನ್ನಬಹುದು. ತುಪ್ಪ ಮೊದಲು ಬಂದು ಕಾವಲು ನಿಲ್ಲುತ್ತದೆ, ಪಾಕವೋ ಹಾಲೋ ಕೊನೆಯಲ್ಲಿ ಬರುತ್ತದೆ. ಈ ಕ್ರಮ ತಪ್ಪಿದರೆ ಅಳತೆ ಎಷ್ಟೇ ಸರಿಯಿದ್ದರೂ ಕೈಗೆ ಬರುವುದು ಅಂಟು ಮುದ್ದೆ.

ಬಸ್‌ಬೂಸಾದಿಂದಲೇ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಅದಕ್ಕೆ ಬೇಕಾದ ಸಾಮಾನೆಲ್ಲ ನಮ್ಮ ಡಬ್ಬಿಗಳಲ್ಲೇ ಇದೆ. ರವೆ ಮಾತ್ರ ಸರಿಯಾದದ್ದಿರಬೇಕು. ಚಿರೋಟಿ ರವೆ ಬೇಡ, ಅದರಲ್ಲಿ ಮಾಡಿದರೆ ಕೇಕ್ ಆಗುತ್ತದೆ. ಬನ್ಸಿ ರವೆ ಸಿಕ್ಕರೆ ಅತ್ಯುತ್ತಮ. ಅದು ಡ್ಯೂರಮ್ ಜಾತಿಯ ಗಟ್ಟಿ ಗೋಧಿಯದು. ಇಲ್ಲದಿದ್ದರೆ ಉಪ್ಪಿಟ್ಟಿನ ದಪ್ಪ ರವೆ, ಹುರಿಯದೆ. ಎರಡು ಕಪ್ ರವೆ, ಮುಕ್ಕಾಲು ಕಪ್ ಸಕ್ಕರೆ, ಒಂದು ಟೀ ಚಮಚ ಬೇಕಿಂಗ್ ಪೌಡರ್ ಬೆರೆಸಿ, ಅರ್ಧ ಕಪ್ ಕರಗಿದ ತುಪ್ಪ ಹಾಕಿ ಐದು ನಿಮಿಷ ತಿಕ್ಕಿ. ಮುಷ್ಟಿಯಲ್ಲಿ ಹಿಡಿದರೆ ಒದ್ದೆ ಮರಳಿನ ಹಾಗೆ ನಿಂತು, ಬೆರಳು ತಾಗಿಸಿದರೆ ಉದುರಬೇಕು. ಆಮೇಲೆ ಮುಕ್ಕಾಲು ಕಪ್ ಹುಳಿಯಿಲ್ಲದ ಮೊಸರು ಮತ್ತು ಒಂದು ದೊಡ್ಡ ಚಮಚ ಜೇನು. ನಮ್ಮ ಮನೆ ಮೊಸರು ನೀರಾಗಿರುವುದರಿಂದ ಬಟ್ಟೆಯಲ್ಲಿ ಹತ್ತು ನಿಮಿಷ ಇಳಿಸಿ ಅಳೆಯುವುದು ಲೇಸು. ಮೊಸರು ಬಿದ್ದ ಮೇಲೆ ನಾದುವ ಹಾಗಿಲ್ಲ. ಬೆರಳ ತುದಿಯಲ್ಲಿ ಕೂಡಿಸಿ ಬಿಟ್ಟುಬಿಡಬೇಕು. ಈ ಹಂತದಲ್ಲಿ ಉಂಡೆಗಟ್ಟುವಂತೆ ಕಲಸಿದವರಿಗೆ ಓವನ್‌ನಿಂದ ಹೊರಬರುವುದು ಇಟ್ಟಿಗೆ. ಕೈರೋದಲ್ಲಿ ಬಸ್‌ಬೂಸಾವನ್ನು ಹೊಗಳುವ ಮಾತು 'ಮಿರಮ್ಮಿಲಾ', ಮರಳಿನಂತಿದೆ ಎಂದು. ಬಾಯಲ್ಲಿ ಕಾಳು ಕಾಳಾಗಿ ಬಿಡಿಸಿಕೊಳ್ಳಬೇಕು, ಜಗಿಯುವ ಹಾಗಿರಬಾರದು.

ಸುಮಾರು 25 ಸೆಂಟಿಮೀಟರಿನ ಅಗಲ ತಟ್ಟೆಗೆ ತುಪ್ಪವನ್ನೋ ತಹೀನಿಯನ್ನೋ (ಎಳ್ಳಿನ ನುಣ್ಣನೆ ರುಬ್ಬಿದ ಪೇಸ್ಟ್) ಸವರಿ, ಮಿಶ್ರಣ ಸುರಿದು, ಒದ್ದೆ ಕೈಯಿಂದ ತಟ್ಟಿ ಸಮ ಮಾಡಿ. ಒತ್ತಿ ಕೂರಿಸಬೇಡಿ, ಒತ್ತಿದರೆ ಪಾಕ ಇಳಿಯಲು ದಾರಿ ಉಳಿಯುವುದಿಲ್ಲ. ಕಾಲು ಗಂಟೆ ಬಿಟ್ಟು, ಚಾಕುವಿನಿಂದ ವಜ್ರಾಕಾರದ ಗೆರೆ ಎಳೆದು, ತುಂಡಿಗೊಂದು ಬಾದಾಮಿ ಒತ್ತಿ, 180 ಡಿಗ್ರಿಯಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ ಬೇಯಿಸಿ. ನಡುವೆ ಒಮ್ಮೆ ಹೊರತೆಗೆದು ಅದೇ ಗೆರೆಗಳ ಮೇಲೆ ತಳದವರೆಗೆ ಕತ್ತರಿಸುವುದು ಮುಖ್ಯ. ಹೆಚ್ಚಿನವರು ಬಿಡುವ ಹೆಜ್ಜೆ ಇದು. ಪಾಕ ತಟ್ಟೆಯ ತಳ ಸೇರುವುದು ಆ ಸೀಳುಗಳಿಂದಲೇ. ಅಂಚು ತಟ್ಟೆಯಿಂದ ಬಿಟ್ಟು ಮೇಲೆ ಹೊಂಬಣ್ಣ ಬಂದಾಗ ತೆಗೆದು, ಕೂಡಲೇ ಉಗುರುಬೆಚ್ಚಗಿನ ಶರ್ಬಾತ್ ಸೌಟು ಸೌಟಾಗಿ ಸುರಿಯಿರಿ. ಇದೊಂದಕ್ಕೆ ಪಾಕ ತೆಳುವಿರಲಿ: ಎರಡು ಕಪ್ ಸಕ್ಕರೆಗೆ ಒಂದೂವರೆ ಕಪ್ ನೀರು, ಎಂಟು ನಿಮಿಷದ ಕುದಿ. ಸುಂಯ್ ಎನ್ನುವ ಸದ್ದು ಬರಬೇಕು. ಸದ್ದಿಲ್ಲವೆಂದರೆ ತಟ್ಟೆ ಆರಿದೆ, ಪಾಕ ಮೇಲೆಯೇ ನಿಲ್ಲುತ್ತದೆ. ಒಂದೂವರೆ ಗಂಟೆ ಮುಟ್ಟದೆ ಬಿಡುವುದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ.

ಮಧ್ಯೆ ಬಿರುಕು ಬಿಟ್ಟರೆ ಬೇಕಿಂಗ್ ಪೌಡರ್ ಹೆಚ್ಚಾಗಿದೆ. ಆರಿದ ಮೇಲೆ ಕಲ್ಲಾದರೆ ಪಾಕ ಗಟ್ಟಿಯಾಗಿತ್ತು, ಇಲ್ಲವೇ ತುಪ್ಪದಲ್ಲಿ ಜಿಪುಣತನ ಮಾಡಿದ್ದೀರಿ. ಮೊಟ್ಟೆ ಬೇಡವೇ ಎಂದು ಕೇಳುವವರಿದ್ದಾರೆ: ಬೇಡ. ಈ ಬರಹದ ಸಿಹಿಗಳು ಹೆಚ್ಚುಕಡಿಮೆ ಎಲ್ಲವೂ ಮೊಟ್ಟೆಯಿಲ್ಲದವು. ಬಲಹ್ ಅಲ್-ಶಾಮ್ ಎಂಬ, ನಕ್ಷತ್ರದ ತುದಿಯಿಂದ ಒತ್ತಿ ಕರಿಯುವ ತಿನಿಸಿಗೆ ಮೊಟ್ಟೆಯೇ ಜೀವಾಳ, ಹಾಗಾಗಿ ಅದನ್ನು ಇಲ್ಲಿ ಬಿಟ್ಟಿದೆ.

ದುಬೈ ಚಾಕೊಲೇಟ್ ಎಂಬ ಹುಚ್ಚು ಹಬ್ಬಿದ ಮೇಲೆ ಕುನಾಫಾ ಎಂಬ ಹೆಸರು ಬೆಂಗಳೂರಿನ ಮಕ್ಕಳಿಗೂ ಗೊತ್ತು. ಆ ಚಾಕೊಲೇಟಿನೊಳಗೆ ಗರಿಗರಿ ಅನ್ನುವ ಎಳೆಗಳು ಕುನಾಫಾದವೇ. ಈಜಿಪ್ಟಿನಲ್ಲಿ ಅದು ರಂಜಾನಿನ ತಿನಿಸು. ಆ ತಿಂಗಳು ಬೀದಿಗಳಲ್ಲಿ ಅಗಲವಾದ ಬಿಸಿ ತಗಡಿನ ಮೇಲೆ, ತಳದಲ್ಲಿ ಸಾಲು ತೂತುಗಳಿರುವ ಪಾತ್ರೆಯಿಂದ ತೆಳು ಹಿಟ್ಟನ್ನು ಸುತ್ತು ಸುತ್ತಾಗಿ ಬಿಡುತ್ತಾರೆ. ಅರೆಕ್ಷಣದಲ್ಲಿ ಒಣಗಿದ ಎಳೆಗಳನ್ನು ಮುಷ್ಟಿ ತುಂಬ ಬಾಚಿ ತೂಕ ಹಾಕುತ್ತಾರೆ. ಕೈಯಿಂದ ಬಿಟ್ಟದ್ದು 'ಬಲದಿ'. ಯಂತ್ರದ ಎಳೆ ಇನ್ನೂ ಸಣ್ಣದು. ಮನೆಯಲ್ಲಿ ಎಳೆ ಮಾಡಲು ಹೋಗುವುದು ವ್ಯರ್ಥ ಸಾಹಸ, ಫ್ರೋಜನ್ ಕಟ್ಟು ಕೊಳ್ಳುವುದೇ ಜಾಣತನ. ಶಾವಿಗೆ ಅದಕ್ಕೆ ಬದಲಿಯಲ್ಲ. ಶಾವಿಗೆ ನಾದಿ ಒತ್ತಿ ಒಣಗಿಸಿದ ಗಟ್ಟಿ ಹಿಟ್ಟು, ಕುನಾಫಾ ಎಳೆ ಅರೆಬೆಂದ ಮೆತ್ತನೆಯ ದೋಸೆಯಂಥದ್ದು. ಶಾವಿಗೆಯಲ್ಲಿ ಮಾಡಿದ್ದು ಚೆನ್ನಾಗಿಯೇ ಇರಬಹುದು, ಹೆಸರು ಮಾತ್ರ ಬೇರೆ ಇಡಬೇಕು.

ಅರ್ಧ ಕಿಲೋ ಎಳೆಗೆ 200 ಗ್ರಾಂ ತುಪ್ಪ. ಕಟ್ಟು ಪೂರ್ತಿ ಕರಗಿದ ಮೇಲೆ ಎರಡು ಬೆರಳಗಲಕ್ಕೆ ಕತ್ತರಿಸಿ, ತುಪ್ಪ ಹಾಕಿ, ಪ್ರತಿ ಎಳೆಗೂ ಹತ್ತುವಂತೆ ತಿಕ್ಕಿ, ಇಲ್ಲೂ ಬಸ್ಸ್. ಅರ್ಧವನ್ನು ತಟ್ಟೆಗೆ ಹರಡಿ ಬಲವಾಗಿ ಒತ್ತಬೇಕು, ಬಸ್‌ಬೂಸಾಕ್ಕೆ ತದ್ವಿರುದ್ಧ. ಅಂಚಿನಿಂದ ಎರಡು ಸೆಂಟಿಮೀಟರ್ ಬಿಟ್ಟು ಹೂರಣ: ಸಕ್ಕರೆ ಬೆರೆಸಿದ ಒಡೆದ ಬೀಜಗಳು, ಇಲ್ಲವೇ ಇಶ್ತಾ. ಚೀಸ್ ತುಂಬುವುದು ಪ್ಯಾಲೆಸ್ಟೈನಿನ ನಾಬ್ಲುಸ್ ಪದ್ಧತಿ. ಇಶ್ತಾ ಅಂದರೆ ಎಮ್ಮೆ ಹಾಲಿನ ದಪ್ಪ ಕೆನೆ. ನೈಲ್ ಕಣಿವೆಯಲ್ಲೂ ಎಮ್ಮೆಯೇ ಹಾಲಿನ ರಾಣಿ, ಅಲ್ಲಿನ ಒಳ್ಳೆಯ ತುಪ್ಪವೂ ಎಮ್ಮೆಯದೇ. ಕೆನೆ ಸಾಲದಿದ್ದರೆ ಎರಡು ಕಪ್ ಹಾಲಿಗೆ ನಾಲ್ಕು ದೊಡ್ಡ ಚಮಚ ಕಾರ್ನ್‌ಫ್ಲೋರ್ ಕದಡಿ ಗಟ್ಟಿಯಾಗಿ ಕಾಯಿಸಿ, ಪೂರ್ತಿ ಆರಿಸಿ, ಇದ್ದಷ್ಟು ಕೆನೆ ಬೆರೆಸಿಕೊಳ್ಳಬಹುದು. ಬಿಸಿಯಾಗಿ ತುಂಬಿದರೆ ಕೆಳಗಿನ ಎಳೆ ಹಸಿಯಾಗಿಯೇ ಉಳಿಯುತ್ತದೆ. ಮೇಲೆ ಉಳಿದರ್ಧ ಮುಚ್ಚಿ ಒತ್ತಿ, 190 ಡಿಗ್ರಿಯಲ್ಲಿ ಮುಕ್ಕಾಲು ಗಂಟೆಯವರೆಗೆ. ಮೇಲಿನ ಬಣ್ಣ ನೋಡಿ ಮೋಸ ಹೋಗದೆ ಅಂಚು ಎತ್ತಿ ತಳದ ಬಣ್ಣ ನೋಡಿ. ತಿರುವಿ ಹಾಕಿ, ಆರಿದ ಶರ್ಬಾತ್ ಸುರಿಯಿರಿ.

ಬಿಸಿ, ತಣ್ಣಗಿನ ಈ ಜೋಡಿಯನ್ನು ಮನಸ್ಸಿಟ್ಟು ನೋಡಬೇಕು. ಜಾಮೂನು ಬಿಸಿ ಪಾಕದಲ್ಲಿ ಗಂಟೆಗಟ್ಟಲೆ ನೆನೆದು ಉಬ್ಬಬೇಕು, ಅಲ್ಲಿ ಮೆತ್ತಗಾಗುವುದೇ ಗುರಿ. ಈಜಿಪ್ಟಿನಲ್ಲಿ ಕರಿದದ್ದು, ಗರಿಗರಿಯಾದದ್ದು ಎಲ್ಲವೂ ಬಿಸಿಯಾಗಿದ್ದಾಗಲೇ ತಣ್ಣನೆಯ ಪಾಕಕ್ಕೆ ಬಿದ್ದು, ಕೆಲವೇ ಸೆಕೆಂಡಿನಲ್ಲಿ ಮೇಲೆ ಬರಬೇಕು. ತಣ್ಣನೆಯ ಪಾಕ ಮಂದವಾಗಿರುವುದರಿಂದ ಹೊರಗೆ ಲೇಪದಂತೆ ಕೂರುತ್ತದೆ. ಎರಡೂ ಬಿಸಿಯಾದರೆ ಪಾಕ ನೀರಿನಂತೆ ಒಳಗಿಳಿದು ಗರಿ ಸತ್ತುಹೋಗುತ್ತದೆ. ಎರಡೂ ತಣ್ಣಗಿದ್ದರೆ ಒಳಗಿಳಿಯುವುದೇ ಇಲ್ಲ.

ಈ ನಿಯಮ ಚೆನ್ನಾಗಿ ಕಾಣುವುದು ಲುಕ್ಮತ್ ಅಲ್-ಕಾದಿಯಲ್ಲಿ. ಹೆಸರಿನ ಅರ್ಥ 'ನ್ಯಾಯಾಧೀಶರ ತುತ್ತು'. ಇದಕ್ಕೆ ಜಲಾಬಿಯಾ ಎಂಬ ಹೆಸರೂ ಇದೆ, ನಮ್ಮ ಜಿಲೇಬಿಯ ಹೆಸರು ಬಂದದ್ದು ಆ ಪದದ ಬಳಗದಿಂದಲೇ. ಆದರೆ ಆಕಾರ ಬೋಂಡಾದ್ದು, ಕೈಚಳಕವೂ ಬೋಂಡಾದ್ದೇ: ಎರಡು ಕಪ್ ಮೈದಾ, ಎರಡು ಚಮಚ ಕಾರ್ನ್‌ಫ್ಲೋರ್, ಎರಡು ಟೀ ಚಮಚ ಯೀಸ್ಟ್, ಒಂದು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಸುಮಾರು ಒಂದೂವರೆ ಕಪ್ ಬೆಚ್ಚನೆ ನೀರು, ಒಂದು ಗಂಟೆ ಉಬ್ಬಲು ಬಿಟ್ಟು, ಎಡಮುಷ್ಟಿಯಿಂದ ಹಿಂಡಿ, ಎಣ್ಣೆ ಅದ್ದಿದ ಚಮಚದಿಂದ ಕೆತ್ತಿ ಬಾಣಲೆಗೆ. ತಿಳಿಬಣ್ಣಕ್ಕೆ ಒಮ್ಮೆ ಕರಿದು ತೆಗೆದು, ಎಣ್ಣೆ ಇನ್ನಷ್ಟು ಕಾಯಿಸಿ ಮತ್ತೊಮ್ಮೆ ಕರಿದರೆ ಗರಿ ಹೆಚ್ಚು ಹೊತ್ತು ನಿಲ್ಲುತ್ತದೆ. ಒಂದೇ ಸಲ ಕರಿದದ್ದು ಹತ್ತು ನಿಮಿಷಕ್ಕೇ ಸೊಪ್ಪಾಗುತ್ತದೆ.

ಕತಾಯಿಫ್ ಇನ್ನೂ ನಾಜೂಕು. ಇದೂ ರಂಜಾನಿನದೇ, ಆ ತಿಂಗಳಾಚೆ ಕಣ್ಣಿಗೆ ಬೀಳುವುದು ಅಪರೂಪ. ಒಂದು ಕಪ್ ಮೈದಾ, ಎರಡು ದೊಡ್ಡ ಚಮಚ ಚಿರೋಟಿ ರವೆ (ಇಲ್ಲಿ ಅದಕ್ಕೆ ಜಾಗವಿದೆ), ಒಂದು ಟೀ ಚಮಚ ಯೀಸ್ಟ್, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಒಂದು ಚಮಚ ಸಕ್ಕರೆ, ಒಂದೂಕಾಲು ಕಪ್ ಬೆಚ್ಚನೆ ನೀರು. ಮಿಕ್ಸಿಯಲ್ಲಿ ಒಮ್ಮೆ ತಿರುಗಿಸಿ ಅರ್ಧ ಗಂಟೆ ಬಿಡಿ. ಎಣ್ಣೆ ಸವರದ ಕಾವಲಿ, ಮಧ್ಯಮ ಉರಿ, ಎರಡು ದೊಡ್ಡ ಚಮಚ ಹಿಟ್ಟು, ಸೌಟಿನಿಂದ ಹರಡಬಾರದು. ಸೆಟ್ ದೋಸೆಯ ಹಾಗೆ ಮೈತುಂಬ ತೂತು ಬೀಳುತ್ತದೆ. ಮೇಲಿನ ಹಸಿ ಹೊಳಪು ಆರಿದ ಕ್ಷಣ ತೆಗೆಯಬೇಕು, ಮಗುಚುವ ಮಾತೇ ಇಲ್ಲ. ಆ ಅಂಟು ಮುಖವೇ ಅಂಚು ಮುಚ್ಚುವ ಗೋಂದು. ಬೆಂದದ್ದನ್ನು ಬಟ್ಟೆಯಡಿ ಮುಚ್ಚಿಡಿ, ಹಸಿಮುಖಕ್ಕೆ ಹಸಿಮುಖ ತಾಗದಂತೆ. ಒಡೆದ ಬೀಜ, ಒಣದ್ರಾಕ್ಷಿ, ಕೊಬ್ಬರಿ ತುರಿ, ಸಕ್ಕರೆ, ದಾಲ್ಚಿನ್ನಿ ಸೇರಿಸಿದ ಹೂರಣ ಒಂದು ಚಮಚ ಇಟ್ಟು, ಅರ್ಧಚಂದ್ರವಾಗಿ ಮಡಚಿ ಅಂಚು ಚಿವುಟಿ, ಕರಿದು, ತಣ್ಣನೆ ಶರ್ಬಾತಿಗೆ. ಆಕಾರದಲ್ಲಿ ನಮ್ಮ ಕರ್ಜಿಕಾಯಿಯ ದೂರದ ನಂಟ.

ತೂತು ಬೀಳದಿದ್ದರೆ ಹಿಟ್ಟು ಗಟ್ಟಿ, ಇಲ್ಲವೇ ಯೀಸ್ಟ್ ಸತ್ತಿದೆ. ಎರಡು ಚಮಚ ನೀರು ಬೆರೆಸಿ ಇನ್ನೊಂದು ಹುಯ್ದು ನೋಡಿ. ಮೇಲೆ ಒಣಗುವ ಮುಂಚೆ ತಳ ಕಂದಿದರೆ ಉರಿ ಜಾಸ್ತಿ. ಎಣ್ಣೆಯಲ್ಲಿ ಬಾಯಿ ಬಿಟ್ಟರೆ ಅಂಚು ಒಣಗಿತ್ತು. ಅಂಥವನ್ನು ಮೈದಾ ಗಂಜಿ ಸವರಿ ಮುಚ್ಚಿದರೆ ಉಳಿಸಬಹುದು. ಇದರ ಚಿಕ್ಕ ರೂಪ 'ಅಸಾಫಿರಿ', ಗುಬ್ಬಚ್ಚಿಯದು ಎಂದರ್ಥ. ಕರಿಯದೆ, ಅರ್ಧ ಮಾತ್ರ ಮುಚ್ಚಿ, ತೆರೆದ ಬಾಯಿಗೆ ಇಶ್ತಾ ತುಂಬಿ ಪಿಸ್ತಾ ಪುಡಿಗೆ ಒತ್ತುತ್ತಾರೆ. ಕರಿದದ್ದಕ್ಕಿಂತ ಇದೇ ರುಚಿ ಅನ್ನುವ ಪಕ್ಷಕ್ಕೆ ಈ ಬರಹ ಸೇರಿದೆ.

ಹಾಲಿನ ಸಿಹಿಗಳಿಗೆ ಬಂದರೆ ಉಮ್ ಅಲಿಯದೇ ಹೆಸರು. 'ಅಲಿಯ ತಾಯಿ' ಎಂದರ್ಥ. ಕೈರೋದ ಸುಲ್ತಾನ ಐಬಕ್‌ನ ಕೊಲೆಯ ನಂತರ, ಅವನ ಮೊದಲ ಹೆಂಡತಿ ತನ್ನ ಸವತಿ ಶಜರ್ ಅಲ್-ದುರ್‌ಳನ್ನು 1257ರಲ್ಲಿ ಕೊಲ್ಲಿಸಿ, ಆ ಖುಷಿಗೆ ಈ ಸಿಹಿ ಹಂಚಿದಳೆಂದು ಕತೆ. ಕೊಲೆ ಇತಿಹಾಸದಲ್ಲಿದೆ, ಸಿಹಿ ಕತೆಯಲ್ಲಿದೆ. ಮಾಡುವುದೇನೋ ಸುಲಭ, ಹಾಳಾಗುವುದು ಮಾತ್ರ ಒಂದೇ ಕಾರಣಕ್ಕೆ: ಹಿಟ್ಟಿನ ಹಾಳೆ ಸಾಕಷ್ಟು ಗರಿಯಾಗಿರುವುದಿಲ್ಲ. 400 ಗ್ರಾಂ ಪಫ್ ಪೇಸ್ಟ್ರಿಯನ್ನು ಮೊದಲು ಒಳಗಿನ ಪದರ ಕೂಡ ಒಣಗುವ ತನಕ ಬೇಯಿಸಿ, ದಪ್ಪ ಚೂರುಗಳಾಗಿ ಮುರಿದು, ಬೀಜ, ದ್ರಾಕ್ಷಿ, ಕೊಬ್ಬರಿಯೊಂದಿಗೆ ಆಳವಾದ ಪಾತ್ರೆಗೆ ಹಾಕಿ. ಒಂದು ಲೀಟರ್ ಗಟ್ಟಿ ಹಾಲಿಗೆ ಮುಕ್ಕಾಲು ಕಪ್ ಸಕ್ಕರೆ ಹಾಕಿ ಕುದಿಕುದಿಯುತ್ತಿರುವಾಗಲೇ, ಸ್ವಲ್ಪ ಉಳಿಸಿಕೊಂಡು ಸುರಿಯಬೇಕು. ಐದು ನಿಮಿಷ ಬಿಟ್ಟರೆ ಚೂರುಗಳು ಕುಡಿದುಬಿಟ್ಟಿರುತ್ತವೆ, ಆಗ ಉಳಿದ ಹಾಲು ಸುರಿದು ಮೇಲೆ ಕೆನೆ ಹರಡಿ 200 ಡಿಗ್ರಿಯಲ್ಲಿ ಹದಿನೈದು ನಿಮಿಷ, ಕೆನೆಯ ಮೇಲೆ ಕಂದು ಮಚ್ಚೆ ಬರುವವರೆಗೆ. ಒಲೆಯಿಂದ ನೇರ ಬಟ್ಟಲಿಗೆ. ಆರಿಸಿಟ್ಟ ಉಮ್ ಅಲಿ ನೆನೆದ ಬ್ರೆಡ್ಡಿಗಿಂತ ಹೆಚ್ಚೇನಲ್ಲ.

ರುಜ್ ಬಿ ಲಬನ್ ನಮಗೆ ಹೊಸದಲ್ಲ, ಅಕ್ಕಿ ಪಾಯಸದ ಗಟ್ಟಿ, ತಣ್ಣನೆಯ ರೂಪ. ಅಲ್ಲಿನ ಗುಂಡು ಅಕ್ಕಿಗೆ ಬದಲು ಸೋನಾ ಮಸೂರಿ ನಡೆಯುತ್ತದೆ, ಬಾಸ್ಮತಿ ಬೇಡ. ಅರ್ಧ ಕಪ್ ಅಕ್ಕಿಯನ್ನು ನೀರಲ್ಲೇ ಪೂರ್ತಿ ಬೇಯಿಸಿ, ಆಮೇಲೆ ಒಂದು ಲೀಟರ್ ಹಾಲು, ಸಕ್ಕರೆ ಕಟ್ಟಕಡೆಗೆ. ಮುಂಚೆ ಹಾಕಿದರೆ ಅಗುಳು ಮುಂದೆ ಬೇಯಲು ಮುಷ್ಕರ ಹೂಡುತ್ತದೆ. ಆಶೂರಾ ಇದರದೇ ಗೋಧಿ ರೂಪ: ರಾತ್ರಿ ನೆನೆಸಿದ ಒಂದು ಕಪ್ ಸಿಪ್ಪೆ ತೆಗೆದ ಗೋಧಿ ಮೆತ್ತಗೆ ಬೇಯಿಸಿ, ನಾಲ್ಕು ಕಪ್ ಹಾಲು, ಒಂದು ಕಪ್ ಸಕ್ಕರೆ, ಮೂರು ಚಮಚ ಕಾರ್ನ್‌ಫ್ಲೋರ್. ಮೊಹರಂ ಹತ್ತನೆಯ ದಿನ ಬಟ್ಟಲು ಬಟ್ಟಲಾಗಿ ನೆರೆಮನೆಗೆ ಹೋಗುತ್ತದೆ. ಉತ್ತರ ಕರ್ನಾಟಕದ ಊರುಗಳಲ್ಲಿ ಅದೇ ಮೊಹರಮ್ಮಿಗೆ ಚೊಂಗೆ ಲಟ್ಟಿಸುತ್ತಾರೆ, ಮತ್ತೆ ಗೋಧಿ ಹುಗ್ಗಿಯ ಊರೂ ಅದೇ.

ಕಹ್ಕ್‌ಗೆ ಪಾಕದ ಹಂಗಿಲ್ಲ, ಅಲ್ಲಿ ತುಪ್ಪದ್ದೇ ರಾಜ್ಯ. ಈದ್ ಅಲ್-ಫಿತ್ರ್‌ಗೆ ಮುಸ್ಲಿಮರ ಮನೆಯಲ್ಲಿ, ಕ್ರಿಸ್‌ಮಸ್ ಮತ್ತು ಈಸ್ಟರಿಗೆ ಕಾಪ್ಟಿಕ್ ಕ್ರೈಸ್ತರ ಮನೆಯಲ್ಲಿ ಇದೇ ಬಿಸ್ಕತ್ತು. ಫಾತಿಮಿದ್ ದೊರೆಗಳ ಕಾಲದಲ್ಲಿ (969ರಿಂದ 1171) ಹಬ್ಬದ ಕಹ್ಕ್ ಮಾಡಿ ಹಂಚುವುದಕ್ಕೆಂದೇ ದಾರ್ ಅಲ್-ಫಿತ್ರ ಎಂಬ ಸರ್ಕಾರಿ ಅಡುಗೆಶಾಲೆಯಿತ್ತು. ಒಂದು ಕಿಲೋ ಮೈದಾಗೆ 550 ಗ್ರಾಂ ತುಪ್ಪ. ಕಣ್ಣು ಕಿಸಿಯಬೇಡಿ, ಕಡಿಮೆ ಮಾಡಿದರೆ ಕಹ್ಕ್ ಆಗುವುದಿಲ್ಲ. ಮೈದಾಕ್ಕೆ ಹುರಿದ ಎಳ್ಳು ಅರ್ಧ ಕಪ್, ಚಿಟಿಕೆ ಉಪ್ಪು, ಒಂದು ಟೀ ಚಮಚ ಬೇಕಿಂಗ್ ಪೌಡರ್ ಮತ್ತು 'ರೀಹತ್ ಅಲ್-ಕಹ್ಕ್' ಎರಡು ಟೀ ಚಮಚ ಸೇರಿಸಿ. ಈ ಮಸಾಲೆ ಪುಡಿಯ ಮುಖ್ಯ ಪರಿಮಳ ಮಹ್ಲಬ್, ಅಂದರೆ ಒಂದು ಜಾತಿಯ ಕಾಡು ಚೆರ್ರಿಯ ಬೀಜದ ತಿರುಳು. ಸಿಗದಿದ್ದರೆ ದಾಲ್ಚಿನ್ನಿ, ಲವಂಗ, ಸೋಂಪು, ಏಲಕ್ಕಿ ಪುಡಿಮಾಡಿ ಬಳಸಬಹುದು, ಆ ಕಹಿಬಾದಾಮಿಯ ಘಮ ಮಾತ್ರ ಬರುವುದಿಲ್ಲ. ತುಪ್ಪ ಚೆನ್ನಾಗಿ ಕಾಯಿಸಿ ಸುರಿದು, ಮರದ ಚಮಚದಿಂದ ಕಲಕಿ, ಆರಿದ ಮೇಲೆ ಕಾಲು ಗಂಟೆ ತಿಕ್ಕಬೇಕು. ಬಳಿಕ ಒಂದು ಚಮಚ ಯೀಸ್ಟ್, ಒಂದು ಚಮಚ ಸಕ್ಕರೆ ಬೆರೆತ ಬೆಚ್ಚನೆ ಹಾಲು, ಹೆಚ್ಚೆಂದರೆ ಒಂದು ಕಪ್, ಸ್ವಲ್ಪ ಸ್ವಲ್ಪವಾಗಿ. ನಾದಬೇಡಿ, ಕೂಡಿಸಿ. ಮುಷ್ಟಿ ಹಿಡಿದಾಗ ಬೆರಳಚ್ಚು ಬಿರುಕಿಲ್ಲದೆ ಮೂಡಿದರೆ ಹಾಲು ಸಾಕಾಯಿತು.

ಹೂರಣ ಖರ್ಜೂರದ್ದಿರಬಹುದು, ಅಕ್ರೋಟಿನದಿರಬಹುದು, ಆದರೆ ಗತ್ತಿನದು ಅಗಮಿಯ್ಯಾ: ಎರಡು ಚಮಚ ತುಪ್ಪದಲ್ಲಿ ಎರಡು ಚಮಚ ಮೈದಾ ಕೆಂಪಗೆ ಹುರಿದು, ಒಂದು ಕಪ್ ಜೇನು ಸುರಿದು, ಗಟ್ಟಿಯಾಗುತ್ತಿದ್ದಂತೆ ಎಳ್ಳು, ಅಕ್ರೋಟು ಸೇರಿಸಿ ಇಳಿಸುವುದು. ಬಿಸಿಯಲ್ಲಿ ತೆಳ್ಳಗೆ ಕಂಡಿತೆಂದು ಇನ್ನೆರಡು ನಿಮಿಷ ಬಿಟ್ಟರೆ ಹಲ್ಲಿಗೆ ಸವಾಲು. ತಟ್ಟೆಗೊಂದು ಹನಿ ಬಿಟ್ಟು ಆರಿಸಿ ನೋಡಿ, ಮೆತ್ತನೆ ಉಂಡೆ ಬಂದರೆ ಅದೇ ಹದ. ಹಿಟ್ಟು ಒಂದು ಗಂಟೆ ಬಿಟ್ಟ ಮೇಲೆ 30 ಗ್ರಾಂ ಉಂಡೆಗಳಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡ ಹೂರಣ ಇಟ್ಟು ಮುಚ್ಚಿ, 'ಮಿನ್‌ಕಾಶ್' ಎಂಬ ಹಲ್ಲಿರುವ ಚಿಮಟದಿಂದ ಚಿವುಟಿ ಚಿತ್ತಾರ ಎಬ್ಬಿಸುತ್ತಾರೆ. ಚಿತ್ತಾರ ಶೋಕಿಗೆ ಮಾತ್ರವಲ್ಲ, ಸಕ್ಕರೆ ಪುಡಿ ನಿಲ್ಲುವುದು ಆ ಸಾಲುಗಳಲ್ಲಿ. 180 ಡಿಗ್ರಿಯಲ್ಲಿ ಹದಿನೈದರಿಂದ ಇಪ್ಪತ್ತು ನಿಮಿಷ, ಮೇಲೆ ಬಿಳಿಚಾಗಿಯೇ ಇದ್ದು ತಳ ಮಾತ್ರ ಹೊಂಬಣ್ಣ. ತಟ್ಟೆಯಲ್ಲಿ ಹರಡಿಹೋದರೆ ತುಪ್ಪ ಆರುವ ಮುಂಚೆಯೇ ಹಾಲು ಹಾಕಿದ್ದೀರಿ. ಸಕ್ಕರೆ ಪುಡಿ ಜರಡಿ ಹಿಡಿಯುವುದು ಪೂರ್ತಿ ತಣಿದ ಮೇಲೆ, ಬೆಚ್ಚಗಿರುವಾಗ ಹಾಕಿದರೆ ಕರಗಿ ಅಂಟುತ್ತದೆ. ಡಬ್ಬಿಯಲ್ಲಿ ಎರಡು ವಾರ ಆರಾಮಾಗಿ ಇರುತ್ತದೆ, ಮರುದಿನದ ರುಚಿಯೇ ಮೇಲು.

ಕೊನೆಯದು ಮೌಲಿದ್, ಪ್ರವಾದಿ ಮಹಮ್ಮದರ ಜನ್ಮದಿನ. ಆ ದಿನಗಳಲ್ಲಿ ಅಂಗಡಿಗಳ ಮುಂದೆ ಎಳ್ಳಿನ ಸಿಮ್ಸಿಮಿಯ್ಯಾ, ಕಡಲೆಬೀಜದ ಫೂಲಿಯ್ಯಾ, ಕಡಲೆಯ ಹುಮ್ಮುಸಿಯ್ಯಾ ರಾಶಿ ಬೀಳುತ್ತವೆ. ನೈಲ್ ಮುಖಜಭೂಮಿಯ ತಂತಾ ಪಟ್ಟಣ ಇವುಗಳಿಗೆ ಹೆಸರುವಾಸಿ. ಚಿಕ್ಕಿ ಮಾಡಬಲ್ಲವರಿಗೆ ಇಲ್ಲಿ ಕಲಿಯುವಂಥದ್ದೇನಿಲ್ಲ, ಬೆಲ್ಲದ ಜಾಗದಲ್ಲಿ ಸಕ್ಕರೆ ಮತ್ತು ಗ್ಲೂಕೋಸ್ ಅಷ್ಟೇ. ಆದರೆ ಆ ರಾಶಿಗಳ ನಡುವೆ ನಿಂತಿರುತ್ತಿದ್ದ ಅರೂಸತ್ ಅಲ್-ಮೌಲಿದ್, ಸಕ್ಕರೆಯ ಮದುಮಗಳು, ಮತ್ತವಳ ಜೊತೆಯ ಕುದುರೆ ಸವಾರ ನಮ್ಮವರ ಕಣ್ಣಿಗೆ ತಟ್ಟನೆ ಪರಿಚಿತ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ ಅದೂ ಮರದ ಅಚ್ಚಿನದು. ಮೇಲೆ ಬಣ್ಣದ ಕಾಗದದ ಬೀಸಣಿಗೆ, ಲಂಗ. ಈಗೀಗ ಪ್ಲಾಸ್ಟಿಕ್ ಗೊಂಬೆ ಬಂದು ಸಕ್ಕರೆಯದು ಅಪರೂಪವಾಗಿದೆ. ಶರ್ಬಾತಿನಲ್ಲಿ ಶತ್ರುವಾಗಿದ್ದ ಹರಳೇ ಈ ಗೊಂಬೆಗೆ ಮೈ. ಇಲ್ಲಿ ಪಾಕವನ್ನು ಬೇಕೆಂದೇ ಕಲಕಿ ಬೆಳ್ಳಗೆ ಹರಳುಗಟ್ಟಿಸಿ ಅಚ್ಚಿಗೆ ಹುಯ್ಯಬೇಕು. ಅಟ್ಟದ ಮೇಲೆ ಅಜ್ಜಿಯ ಕಾಲದ ಮರದ ಅಚ್ಚುಗಳಿದ್ದವರು ಧೈರ್ಯವಾಗಿ ಮಾಡಿ ನೋಡಬಹುದು. ಅಚ್ಚನ್ನು ಮೊದಲು ನೀರಲ್ಲಿ ನೆನೆಸುವುದು ಅಲ್ಲೂ ಇಲ್ಲೂ ಒಂದೇ, ಮರೆತರೆ ಮದುಮಗಳ ತಲೆ ಅಚ್ಚಿನಲ್ಲೇ ಉಳಿಯುತ್ತದೆ.